‘ಹ್ಯಾವ್’ ಎಲ್ಲಿ ಹೋಯಿತು?

ಹೆಗ್ಗಡದೇವನಕೋಟೆ ಸೀಮೆಯ ಹುಡುಗನೊಬ್ಬನು ಹೋದ ವರ್ಷ ಹುಣಸೂರಿನ ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ನಮ್ಮನ್ನು ಒಂದು ಪ್ರಶ್ನೆ ಕೇಳಿದನು. ಹುಡುಗನೆಂದರೆ ಇಪ್ಪತ್ತೆರಡು ವರ್ಷದವನು. ಹತ್ತನೆಯ ತರಗತಿಯಲ್ಲಿ ನಮ್ಮ ಶಿಷ್ಯ. ಇಂಗ್ಲೀಷಿನಲ್ಲಿ ನೂರಕ್ಕೆ 84 ಅಂಕ ತೆಗೆದು ನಮ್ಮ ಮುಖವನ್ನು ಬೆಳಗಿಸಿದ್ದವನು. ಕಬಿನಿಯ ಹಿನ್ನೀರಿನ ಕಡೆ ಪ್ರವಾಸಿಗಳಿಗೆ ಕಾಡು ತೋರಿಸುವ ಕೆಲಸವೊಂದಕ್ಕೆ ಅರ್ಜಿ ಹಾಕಿಕೊಂಡಿದ್ದನು. ಕಾಡಿನ ವಿಚಾರ ಅವನಿಗೆ ಕರತಲಾಮಲಕ. ಹಕ್ಕಿಯ ಕೂಗನ್ನು ಕೇಳಿ ಹುಲಿ ಯಾವ ದಿಕ್ಕಿಗಿದೆಯೆಂದು ಹೇಳಬಲ್ಲ ಕಿವಿ ಅವನದು. ಆದರೆ ಫೋನಿನಲ್ಲಿ ನಡೆದ ಸಂದರ್ಶನದಲ್ಲಿ ಆ ಕಿವಿ ಕೈಕೊಟ್ಟಿತು. ‘ಹೌ ಲಾಂಗ್ ಹ್ಯಾವ್ ಯು ಬೀನ್ ದೇರ್?’ ಎಂದು ಅತ್ತ ಕಡೆಯವರು ಕೇಳಿದರಂತೆ. ಆ ಊರಿನಲ್ಲಿ ಎಷ್ಟು ಕಾಲದಿಂದ ಇದ್ದೀಯೆ ಎಂಬುದು ಪ್ರಶ್ನೆ. ಇವನು ‘ಮೂವತ್ತು ಕಿಲೋಮೀಟರ್’ ಎಂದು ಉತ್ತರ ಕೊಟ್ಟನು. ಅವರು ನಕ್ಕು, ಅದೇ ಮಾತನ್ನು ಬಿಡಿಬಿಡಿಯಾಗಿ ಇನ್ನೊಮ್ಮೆ ಹೇಳಿದರು. ಆಗ ಅರ್ಥವಾಯಿತು, ಆದರೆ ಅಷ್ಟರಲ್ಲಿ ಹುಡುಗನ ಧೈರ್ಯ ಉಡುಗಿತ್ತು. ಕೆಲಸ ಬೇರೆಯವರಿಗೆ ಹೋಯಿತು.

“ಆ ವಾಕ್ಯಾನ ಬರೆದು ತೋರಿಸಿದ್ರೆ ಯಾವ ಕಾಲದ್ದು ಅಂತ ನಿದ್ದೇಲಿ ಕೇಳಿದ್ರೂ ಹೇಳ್ತೀನಿ ಮೇಷ್ಟ್ರೇ. ಅವರು ಹೇಳುವಾಗ ಆ ‘ಹ್ಯಾವ್’ ಎಲ್ಲಿ ಹೋಯ್ತು?” ಎಂದನು.

ನಮ್ಮಲ್ಲಿ ಉತ್ತರವಿರಲಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ನಾವು 33 ವರ್ಷ ಪಾಠ ಹೇಳಿದ್ದೇವೆ. ಓದಿದ್ದು ಸಂಸ್ಕೃತವಾದರೂ, ಹಳ್ಳಿಯ ಶಾಲೆಗಳಲ್ಲಿ ಇಂಗ್ಲೀಷಿನ ಉಪಾಧ್ಯಾಯರು ದೊರೆಯದಾಗ ಆ ಹೊರೆ ಬಹುಸಲ ನಮ್ಮ ಹೆಗಲಿಗೇ ಬಂದಿತು. ವ್ಯಾಕರಣವೆಂದರೆ ನಮಗೆ ಭಯವಿಲ್ಲವಷ್ಟೆ. ರೆನ್ ಮತ್ತು ಮಾರ್ಟಿನ್ ಎಂಬಿಬ್ಬರು ಬರೆದ, 1930ರ ದಶಕದಿಂದ ಈ ದೇಶದ ಶಾಲೆಗಳನ್ನೆಲ್ಲ ಆಳಿದ ವ್ಯಾಕರಣಗ್ರಂಥವನ್ನು ಅಷ್ಟಾಧ್ಯಾಯಿಯಂತೆಯೇ ಮುಂದಿಟ್ಟುಕೊಂಡು, ಕರ್ತರಿ ಪ್ರಯೋಗವನ್ನು ಕರ್ಮಣಿಗೆ ತಿರುಗಿಸುವುದನ್ನು ನೂರಾರು ಮಕ್ಕಳಿಗೆ ಅಭ್ಯಾಸ ಮಾಡಿಸಿದೆವು. ಅವರಲ್ಲಿ ಒಬ್ಬರಿಗೂ ಇಂಗ್ಲೀಷನ್ನು ಕೇಳಿಸಲಿಲ್ಲ. ಕೇಳಿಸಿದ್ದು ನಮ್ಮ ಇಂಗ್ಲೀಷನ್ನು. ಅದಾದರೋ ನಾವು ಐದನೆಯ ತರಗತಿಯಲ್ಲಿ ಅಕ್ಷರ ನೋಡಿ ಕಲಿತದ್ದು.

ಇದರಲ್ಲಿ ನಾಚಿಕೆಯ ಸಂಗತಿಯೊಂದುಂಟು. ಪಾಣಿನೀಯ ಶಿಕ್ಷೆಯು ಅಧಮ ಪಾಠಕರೆಂದು ಎಣಿಸಿರುವ ಆರು ಬಗೆಯವರಲ್ಲಿ ಲಿಖಿತಪಾಠಕನೂ ಒಬ್ಬನು; ಎಂದರೆ, ಬರೆದುದನ್ನು ನೋಡಿಕೊಂಡು ಓದುವವನು. ವೇದಕ್ಕೆ ಶ್ರುತಿಯೆಂದು ಹೆಸರಿಟ್ಟ ನಾಡು ನಮ್ಮದು. ಗುರುವು ಒಮ್ಮೆ ಹೇಳಿದುದನ್ನು ಶಿಷ್ಯರು ಅದೇ ಸ್ವರದಲ್ಲಿ ಮತ್ತೆ ಮತ್ತೆ ಹೇಳುವುದಕ್ಕೆ ‘ಸಂಥೆ’ ಎನ್ನುವರು. ನಾವೂ ಬಾಲ್ಯದಲ್ಲಿ ಹಾಗೆಯೇ ಕಲಿತವರು. ಹೀಗಿದ್ದೂ ಇಂಗ್ಲೀಷಿನ ಮಟ್ಟಿಗೆ ನಾವು ಲಿಖಿತಪಾಠಕರಾದೆವು. ಶಿಷ್ಯರನ್ನೂ ಹಾಗೆಯೇ ಮಾಡಿದೆವು.

ದೋಷವೆಲ್ಲ ನಮ್ಮದೇ ಎಂದಲ್ಲ. 1920ರ ದಶಕದಲ್ಲಿ ಢಾಕಾದಲ್ಲಿದ್ದ ಮೈಕೇಲ್ ವೆಸ್ಟ್ ಎಂಬ ಶಿಕ್ಷಣತಜ್ಞರು, ಈ ದೇಶದ ಬಾಲಕರಿಗೆ ಮೊದಲು ಬೇಕಾದದ್ದು ಇಂಗ್ಲೀಷು ಪುಸ್ತಕವನ್ನು ಓದಬಲ್ಲ ಶಕ್ತಿ, ಮಾತು ಆಮೇಲಿನದು ಎಂದು ವಾದಿಸಿದ್ದರು. ಆ ಕಾಲಕ್ಕೆ ಅದು ಸರಿಯಾದ ಮಾತೇ ಇದ್ದೀತು. ಕೋಟೆಯ ಹುಡುಗನಿಗೆ ಇಂಗ್ಲೀಷಿನಲ್ಲಿ ಮಾತನಾಡುವವರು ಆಗ ಎಲ್ಲಿ ಸಿಕ್ಕುತ್ತಿದ್ದರು? ಈಗ ಕಾಲ ಬೇರೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲೀಷು ಆರಂಭವಾಗಿದೆ. ಅನ್ನ ಕೊಡುವ ಪ್ರಶ್ನೆಗಳು ಈಗ ಫೋನಿನಲ್ಲಿ ಬರುತ್ತವೆ.

ಪ್ರಕೃತಕ್ಕೆ ಬರೋಣ. ಹುಡುಗನ ಪ್ರಶ್ನೆಗೆ ಉತ್ತರ ಹುಡುಕಲೆಂದು ನಾವಿಬ್ಬರೂ ಒಂದು ಪ್ರಯೋಗಕ್ಕೆ ತೊಡಗಿದೆವು. ಅವನು ಭಾನುವಾರಗಳಲ್ಲಿ ಬಸ್ಸು ಹಿಡಿದು ಬರುವನು. ಮೊಬೈಲಿನಲ್ಲಿ ಇಂಗ್ಲೀಷು ಭಾಷಣದ ಒಂದು ನಿಮಿಷದ ತುಂಡು; ಅದರ ಲಿಖಿತ ಪಾಠವೂ ದೊರೆಯುವಂಥದಾಗಿರಬೇಕು. ಪಾಠವನ್ನು ಮುಚ್ಚಿಟ್ಟು ಮೂರು ಸಲ ಕೇಳುವುದು, ಕೇಳಿದಷ್ಟನ್ನು ಬರೆಯುವುದು, ಆಮೇಲೆ ತೆರೆದು ಒಪ್ಪವಿಡುವುದು. ಹಳೆಯ ಉಕ್ತಲೇಖನವೇ ಇದು, ಹೊಸದೇನೂ ಇಲ್ಲ. ಹೊಸದೆಂದರೆ ಮೇಷ್ಟರೂ ಶಿಷ್ಯನ ಪಕ್ಕದಲ್ಲಿ ಕುಳಿತು ಬರೆದದ್ದು. ಕೆಂಪು ಶಾಯಿಯನ್ನು ಇಬ್ಬರಿಗೂ ಧಾರಾಳವಾಗಿ ಬಳಸಿದೆವು.

ಮೊದಲ ತಿಂಗಳಿನಲ್ಲಿಯೇ ಒಂದು ವಿಚಿತ್ರ ಕಂಡಿತು. ನಮಗೆ ತಪ್ಪಿಹೋಗುತ್ತಿದ್ದವು ಕಠಿನ ಶಬ್ದಗಳಲ್ಲ. ‘ಇನ್‌ಫ್ಲೇಷನ್’, ‘ಎಗ್ರಿಕಲ್ಚರ್’ ಮೊದಲಾದ ದೊಡ್ಡ ಶಬ್ದಗಳು ಆನೆಯಂತೆ ದೂರದಿಂದಲೇ ಕಾಣುತ್ತಿದ್ದವು. ತಪ್ಪುತ್ತಿದ್ದವು ಇರುವೆಗಳು: ‘ಎ’, ‘ದಿ’, ‘ಆಫ್’, ‘ಹ್ಯಾವ್’, ‘ಹ್ಯಾಡ್’, ಶಬ್ದದ ಬಾಲದಲ್ಲಿನ ‘ಸ್’ ಮತ್ತು ‘ಡ್’. ವಾಚಕರು ಯೋಚಿಸಿ ನೋಡಬೇಕು, ಇಂಗ್ಲೀಷಿನ ವ್ಯಾಕರಣವೆಲ್ಲ ಇರುವುದು ಈ ಇರುವೆಗಳಲ್ಲಿಯೇ ಅಲ್ಲವೆ? ಕಾಲ, ವಚನ, ನಿರ್ದಿಷ್ಟತೆ ಎಲ್ಲವನ್ನೂ ಹೊತ್ತಿರುವುವು ಅವೇ. ನಾವು ಪುಸ್ತಕದಲ್ಲಿ ಕಲಿತ ವ್ಯಾಕರಣವು ನಮ್ಮ ಕಿವಿಗೆ ಬೀಳುತ್ತಲೇ ಇರಲಿಲ್ಲ. ಕಿವಿಗೆ ಬೀಳದ್ದು ನಾಲಿಗೆಗೆ ಹೇಗೆ ಬಂದೀತು?

ಇದಕ್ಕೆ ಕಾರಣವು ನಮ್ಮ ಕನ್ನಡದ ಸೊಗಸಿನಲ್ಲಿಯೇ ಅಡಗಿದೆ. ಕನ್ನಡದಲ್ಲಿಯೂ ವ್ಯಾಕರಣವು ಪದದ ಕೊನೆಯಲ್ಲಿ ಬರುತ್ತದೆ. ಆದರೆ ಗಂಟೆ ಬಾರಿಸಿದಂತೆ ಬರುತ್ತದೆ. ‘ಮನೆಯಲ್ಲಿ’, ‘ಮಕ್ಕಳಿಗೆ’, ‘ಬಂದರು’ ಎಂಬಲ್ಲಿ ಪ್ರತ್ಯಯವು ಸ್ವರಸಹಿತವಾಗಿ ನಿಂತಿರುವುದರಿಂದ ಕಿವುಡನಿಗೂ ಕೇಳೀತು. ವ್ಯಂಜನದಲ್ಲಿ ಮುಗಿಯುವ ಪದವು ನಮ್ಮ ಬಾಯಿಗೆ ಒಗ್ಗದು. ಬಸ್ ಎಂಬುದನ್ನು ಬಸ್ಸು ಮಾಡಿದೆವು, ಕಾರ್ ಎಂಬುದನ್ನು ಕಾರು ಮಾಡಿದೆವು. ಇಂಗ್ಲೀಷಿನವರಾದರೋ ತಮ್ಮ ಭೂತಕಾಲವನ್ನೂ ಬಹುವಚನವನ್ನೂ ಪದದ ಕೊನೆಯ ಒಂದು ಅರೆವ್ಯಂಜನಕ್ಕೆ ಕಟ್ಟಿ, ಅದನ್ನು ಉಸಿರಿನಲ್ಲಿ ತೇಲಿಬಿಡುತ್ತಾರೆ. ನಮ್ಮ ಕಿವಿ ಯಾವ ಎಡೆಯಲ್ಲಿ ಮಂದವೋ ಅವರ ವ್ಯಾಕರಣ ಅಲ್ಲಿಯೇ ಬಿಡಾರ ಹೂಡಿದೆ.

‘ಡ್’ ಪ್ರತ್ಯಯದ ವಿಚಾರವನ್ನು ನೋಡಿ. ‘ವಾಕ್’ ಎಂಬ ಕ್ರಿಯಾಪದಕ್ಕೆ ಅದು ಸೇರಿದರೆ ‘ವಾಕೆಡ್’ ಎಂದು ನಾವು ವರ್ಷಾನುಗಟ್ಟಲೆ ಹೇಳಿಕೊಟ್ಟೆವು. ಅವರು ಹೇಳುವುದು ‘ವಾಕ್ಟ್’ ಎಂದು. ಹಿಂದಿನ ವ್ಯಂಜನವು ಅಘೋಷವಾದರೆ ಡಕಾರವು ಟಕಾರವಾಗುವುದು. ‘ಹೆಲ್ಪ್ಟ್’, ‘ಪಾಸ್ಟ್’ ಎಂಬುವೂ ಹಾಗೆಯೇ. ಇದು ಸಂಧಿಯಲ್ಲದೆ ಮತ್ತೇನು? ನಮ್ಮ ‘ವಾಗೀಶ’ನಲ್ಲಿ ಮುಂದಿನ ವರ್ಣವು ಹಿಂದಿನದನ್ನು ಬದಲಿಸುತ್ತದೆ, ಇಲ್ಲಿ ಹಿಂದಿನದು ಮುಂದಿನದನ್ನು ಬದಲಿಸುತ್ತದೆ. ಅದೂ ನಮಗೆ ಹೊಸದಲ್ಲ: ಬುಧ್ ಎಂಬ ಧಾತುವಿಗೆ ತಕಾರ ಸೇರಿ ‘ಬುದ್ಧ’ ಎಂದಾಗುವಲ್ಲಿ ಹಿಂದಿನ ಧಕಾರವೇ ಮುಂದಿನ ತಕಾರವನ್ನು ಮಾರ್ಪಡಿಸಿದೆ. ಜಶ್ತ್ವ ಸಂಧಿಯನ್ನು ಕಂಠಪಾಠ ಮಾಡಿಸಿದ ನಾವು, ಪಕ್ಕದ ಪೀರಿಯಡ್ಡಿನಲ್ಲಿ ಇಂಗ್ಲೀಷಿಗೂ ಸಂಧಿಯುಂಟೆಂದು ಒಂದು ದಿನವಾದರೂ ಹೇಳಲಿಲ್ಲ.

ಮಾತಿನ ಒತ್ತೂ ಇಂಥದೇ. ತ್ವಷ್ಟೃವು ಇಂದ್ರನನ್ನು ಕೊಲ್ಲುವ ಮಗನನ್ನು ಬಯಸಿ ಯಜ್ಞಮಾಡಿ, ‘ಇಂದ್ರಶತ್ರು’ ಶಬ್ದದ ಸ್ವರವನ್ನು ತಪ್ಪಿದ್ದರಿಂದ ವೃತ್ರನೇ ಇಂದ್ರನಿಂದ ಹತನಾದ ಕಥೆಯನ್ನು ಅನೇಕರು ಬಲ್ಲರು. ಇಂಗ್ಲೀಷಿನಲ್ಲಿಯೂ ‘ರೆಕಾರ್ಡ್’ ಶಬ್ದದ ಮೊದಲಿಗೆ ಒತ್ತು ಬಿದ್ದರೆ ನಾಮಪದ, ಕೊನೆಗೆ ಬಿದ್ದರೆ ಕ್ರಿಯಾಪದ. ಒತ್ತು ಬಿದ್ದ ಅಕ್ಷರವು ನಿಲ್ಲುತ್ತದೆ, ಬೀಳದ್ದು ಸೊರಗುತ್ತದೆ. ‘ಹ್ಯಾವ್’ ಸೊರಗಿ ಸೊರಗಿ ಬರಿಯ ‘ವ್’ ಆಗಿ ‘ಲಾಂಗ್’ ಶಬ್ದದ ಬೆನ್ನಿಗೆ ಅಂಟಿಕೊಂಡಿತ್ತು. ಅದು ಎಲ್ಲಿಗೂ ಹೋಗಿರಲಿಲ್ಲ. ಇನ್ನೊಂದು ಅಪಾಯವನ್ನು ಗೃಹಸ್ಥರು ವಿಶೇಷವಾಗಿ ಗಮನಿಸಬೇಕು. ‘ಬರಬಲ್ಲೆ’ ಎನ್ನುವಾಗ ಅವರ ‘ಕ್ಯಾನ್’ ಸೊರಗಿ ‘ಕ್‌ನ್’ ಆಗುವುದು. ‘ಬರಲಾರೆ’ ಎನ್ನುವಾಗ ‘ಕಾಂಟ್’ ಎಂದೋ ‘ಕ್ಯಾಂಟ್’ ಎಂದೋ ಪೂರ್ತಿ ಕೇಳುವುದು. ನಾವು ಎರಡು ಕಡೆಯೂ ‘ಕ್ಯಾನ್’ ಎಂದು ತುಂಬಿ ಹೇಳುವವರಾದ್ದರಿಂದ, ನಮ್ಮ ‘ಬರಬಲ್ಲೆ’ ಅವರಿಗೆ ‘ಬರಲಾರೆ’ ಎಂದು ಕೇಳಿದರೆ ಆಶ್ಚರ್ಯವಿಲ್ಲ. ಆಸ್ಪತ್ರೆ, ಬ್ಯಾಂಕುಗಳ ಮಾತಿನಲ್ಲಿ ಇದು ಸಣ್ಣ ವಿಷಯವಲ್ಲ.

ಹಾಗಾದರೆ ವ್ಯಾಕರಣದ ಪುಸ್ತಕವನ್ನು ಅಟ್ಟಕ್ಕೆ ಎಸೆಯಬೇಕೆ? ಹಾಗೆಂದವರುಂಟು. ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಪ್ರಪಂಚದ ಭಾಷಾಶಿಕ್ಷಕರು ಅದನ್ನು ಇಂದಿಗೂ ‘ಬೆಂಗಳೂರು ಯೋಜನೆ’ ಎಂದು ಕರೆಯುತ್ತಾರೆ. ಅಲ್ಲಿ ವ್ಯಾಕರಣವನ್ನು ಪಾಠವಾಗಿ ಹೇಳುತ್ತಿರಲಿಲ್ಲ. ರೈಲಿನ ವೇಳಾಪಟ್ಟಿಯನ್ನೋ ನಕ್ಷೆಯನ್ನೋ ಮುಂದಿಟ್ಟು, ಉಪಾಧ್ಯಾಯರು ಇಂಗ್ಲೀಷಿನಲ್ಲಿ ಪ್ರಶ್ನೆ ಕೇಳುವರು. ಮಕ್ಕಳು ಯೋಚಿಸಿ ಲೆಕ್ಕ ಬಿಡಿಸುವರು. ಮನಸ್ಸು ಅರ್ಥದ ಮೇಲೆ ನೆಟ್ಟಿರುವಾಗ ವ್ಯಾಕರಣವು ತಾನಾಗಿ ಒಳಗಿಳಿಯುವುದೆಂಬುದು ಅವರ ಸಿದ್ಧಾಂತ. 1987ರಲ್ಲಿ ಅವರು ಅದನ್ನು ಗ್ರಂಥವಾಗಿಯೂ ಬರೆದರು.

ಈ ಸಿದ್ಧಾಂತಕ್ಕೆ ಸಾಕ್ಷಿ ಬೇಕಾದವರು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಹೋಗಿ ನೋಡಬಹುದು. 1960ರ ಸುಮಾರಿನಿಂದ ಅಲ್ಲಿ ಬಂದು ನೆಲೆಸಿದ ಟಿಬೆಟಿನವರಲ್ಲಿ ಎಷ್ಟೋ ಮಂದಿ ಕನ್ನಡ ಆಡುತ್ತಾರೆ. ಅಂಗಡಿಯಲ್ಲಿ ಕುಳಿತ ಅಜ್ಜಿಯೊಬ್ಬರು ನಮ್ಮೊಡನೆ ಚೌಕಾಸಿಗೆ ನಿಂತು, “ಅಷ್ಟಕ್ಕೆ ಬರಲ್ಲ ಸ್ವಾಮಿ, ನಮಗೂ ಗಿಟ್ಟಬೇಕಲ್ಲ” ಎಂದರು. ಯಾವ ಕೇಶಿರಾಜನೂ ಆಕೆಗೆ ನಿಷೇಧಾರ್ಥಕವನ್ನು ಹೇಳಿಕೊಟ್ಟಿಲ್ಲ. ಸಂತೆಯ ಸಂಥೆಯೇ ಸಾಕಾಯಿತು.

ಆದರೆ ನಾವು ಪೂರ್ತಿ ಒಪ್ಪುವುದಿಲ್ಲ. ಆ ಅಜ್ಜಿಯ ಸುತ್ತ ಕನ್ನಡ ಹಗಲಿರುಳೂ ಹರಿಯುತ್ತಿತ್ತು. ಕೋಟೆಯ ಹುಡುಗನ ಸುತ್ತ ಇಂಗ್ಲೀಷು ಹರಿಯುತ್ತಿಲ್ಲ. ಅವನಿಗೆ ದೊರೆಯುವುದು ದಿನಕ್ಕೆ ಅರ್ಧ ಗಂಟೆ. ಅಷ್ಟರಲ್ಲಿ ಕಳೆದುಹೋದದ್ದನ್ನು ಹುಡುಕಿಕೊಡುವ ದೀಪ ಬೇಕು. ವ್ಯಾಕರಣವೇ ಆ ದೀಪ. ಒಂದು ದಿನ ‘ಹೀಡ್ ಗಾನ್’ ಎಂಬ ಧ್ವನಿ ಕೇಳಿತು. ‘ಹೀ’ ಶಬ್ದದ ಬಾಲದ ‘ಡ್’ ಯಾವುದರದು? ‘ಹ್ಯಾಡ್’ ಎಂಬುದೂ ಸೊರಗಿದರೆ ‘ಡ್’, ‘ವುಡ್’ ಎಂಬುದೂ ಸೊರಗಿದರೆ ‘ಡ್’. ಕಿವಿ ಇಲ್ಲಿ ನಿರುಪಾಯ. ಹುಡುಗನು ಕ್ಷಣಕಾಲ ತಡೆದು, “ಮುಂದೆ ‘ಗಾನ್’ ಇದೆ, ಆದ್ದರಿಂದ ‘ಹ್ಯಾಡ್’. ‘ಗೋ’ ಇದ್ದಿದ್ದರೆ ‘ವುಡ್’ ಆಗ್ತಿತ್ತು” ಎಂದನು. ನಾವು ಕಲಿಸಿದ ವ್ಯಾಕರಣ ಅವನ ಕೆಲಸಕ್ಕೆ ಬಂದದ್ದನ್ನು ಕಣ್ಣಾರೆ ಕಂಡದ್ದು ಅಂದೇ ಮೊದಲು. ಆ ಸಂಜೆ ಮನೆಯಲ್ಲಿ ಪಾಯಸ ಮಾಡಿಸಿದೆವೆಂದರೆ ವಾಚಕರು ನಗಬಾರದು.

ಮನೆಗಳಲ್ಲಿ ಇದನ್ನು ಆಚರಿಸಬಯಸುವವರಿಗೆ ನಮ್ಮ ಅನುಭವದ ನಾಲ್ಕು ಮಾತು. ಅರ್ಥ ಮೊದಲೇ ಗೊತ್ತಿರುವುದನ್ನು ಕೇಳುವುದು ಒಳ್ಳೆಯದು. ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಆರಂಭಿಸಿದ ಸೀಮೆ ನಮ್ಮದು. ‘ಆಕಾಶವಾಣಿ’ ಎಂಬ ಹೆಸರು ಪ್ರಸಿದ್ಧವಾದದ್ದೂ ಆ ನಿಲಯದಿಂದಲೇ. ಕನ್ನಡ ವಾರ್ತೆಯನ್ನು ಕೇಳಿ, ಅದೇ ದಿನದ ಇಂಗ್ಲೀಷು ವಾರ್ತೆಯನ್ನು ಕೇಳಿದರೆ ಅರ್ಧ ದಾರಿ ಸವೆದಂತೆ. ಕೃಷ್ಣರಾಜನಗರದಲ್ಲಿ ಕೆಲಸದಲ್ಲಿದ್ದಾಗ ನಾವು ರೈಲಿನಲ್ಲಿ ಓಡಾಡುತ್ತಿದ್ದೆವು. ಮೈಸೂರು ನಿಲ್ದಾಣದಲ್ಲಿ ಒಂದೇ ಗಾಡಿಯ ಸಮಾಚಾರವನ್ನು ಕನ್ನಡ, ಹಿಂದಿ, ಇಂಗ್ಲೀಷುಗಳಲ್ಲಿ ಸಾರುತ್ತಿದ್ದರು. ಪುಕ್ಕಟೆಯ ಪಾಠಶಾಲೆ! ಅಂದು ನಾವು ಕನ್ನಡವನ್ನು ಕೇಳಿ ಪತ್ರಿಕೆ ಬಿಡಿಸುತ್ತಿದ್ದೆವು. ವೇಗ ಹೆಚ್ಚೆನಿಸಿದವರಿಗೆ ಅಮೆರಿಕದ ಬಾನುಲಿಯು 1959ರಲ್ಲಿ ಆರಂಭಿಸಿದ ಕ್ರಮವು ಮಾದರಿಯಾಗಬಹುದು. ಸುಮಾರು 1500 ಶಬ್ದಗಳಲ್ಲಿಯೇ, ನಿಧಾನವಾಗಿ, ವಾರ್ತೆ ಓದುತ್ತಿದ್ದರು. ಈಗ ಮೊಬೈಲಿನಲ್ಲಿ ಯಾವ ಮಾತನ್ನಾದರೂ ನಿಧಾನಿಸಿಕೊಳ್ಳಬಹುದು. ಆದರೆ ಕೊನೆಯ ಸಲ ನಿಜವಾದ ವೇಗದಲ್ಲಿಯೇ ಕೇಳತಕ್ಕದ್ದು. ಫೋನಿನಲ್ಲಿ ಪ್ರಶ್ನೆ ಕೇಳುವವರು ನಿಧಾನಿಸುವುದಿಲ್ಲ.

ಚಿತ್ರದ ಕೆಳಗೆ ಅಕ್ಷರ ಓಡುವುದನ್ನು ನೋಡುತ್ತ ಕೇಳುವುದನ್ನು ನಾವು ಮೊದಲಿಗೆ ಒಪ್ಪೆವು. ಕಣ್ಣು ಮುಂದೆ ಓಡಿ ಎಲ್ಲವನ್ನೂ ತಿಂದುಬಿಡುತ್ತದೆ, ಕಿವಿಗೆ ಉಪವಾಸ. ಮತ್ತು ಪರದೇಶದವರ ಉಚ್ಚಾರವನ್ನು ಅಣಕಿಸುವ ಅಗತ್ಯವೂ ಇಲ್ಲ. ಕೇಳಿದ್ದನ್ನು ಸಂಥೆಯಂತೆ ಅದೇ ಓಟದಲ್ಲಿ ಎರಡು ಸಲ ಹೇಳುವುದು ಕಿವಿ ತಿದ್ದುವುದಕ್ಕಾಗಿ. ಆಡುವಾಗ ಕೋಟೆಯವರು ಕೋಟೆಯವರಂತೆಯೇ ಆಡಲಿ.

‘ಎ’, ‘ದಿ’ಗಳ ವಿಚಾರದಲ್ಲಿ ಮಾತ್ರ ಹುಡುಗನಿಗೂ ನಮಗೂ ಇನ್ನೂ ತೊಡಕು ಬಿಟ್ಟಿಲ್ಲ. ‘ಪುಸ್ತಕ ತಂದನು’, ‘ಪುಸ್ತಕವನ್ನು ತಂದನು’ ಎಂಬೆರಡರ ಭೇದವನ್ನು ಹಿಡಿದು ಈಗ ಸ್ವಲ್ಪ ದಾರಿ ಕಂಡಿದೆ. ದ್ವಿತೀಯಾ ಪ್ರತ್ಯಯ ಹತ್ತಿದಾಗ ಅದು ಗೊತ್ತಾದ ಪುಸ್ತಕ ಎಂಬ ಛಾಯೆ ಬರುವುದಲ್ಲವೆ? ಎಲ್ಲೆಡೆ ಇದು ಹೊಂದುವುದಿಲ್ಲ. ಹೊಂದಿದ ಕಡೆ ಬಹಳ ಉಪಕಾರಿ.

ಮಳೆಗಾಲ ಮುಗಿದ ಮೇಲೆ ಅವನು ಮತ್ತೆ ಅರ್ಜಿ ಹಾಕುವವನಿದ್ದಾನೆ. ಕಳೆದ ಭಾನುವಾರದ ಉಕ್ತಲೇಖನದಲ್ಲಿ ಅವನ ತಪ್ಪುಗಳು ನಾಲ್ಕು, ನಮ್ಮವು ಏಳು.