ವೃದ್ಧಾಶ್ರಮಕ್ಕೆ ಹೊರಡುವ ಮುನ್ನ

ಮಕ್ಕಳ ಹುಟ್ಟುಹಬ್ಬದಂದು, ಹಿರಿಯರ ಪುಣ್ಯಸ್ಮರಣೆಯಂದು ವೃದ್ಧಾಶ್ರಮದಲ್ಲಿ ಊಟ ಬಡಿಸುವ ಪರಿಪಾಠ ನಮ್ಮಲ್ಲಿ ಬೆಳೆದುಬಂದಿದೆ. ಬಂಧುಬಳಗ ಕೂಡಿ ಹತ್ತಿಪ್ಪತ್ತು ಮಂದಿ ಹೊರಡುತ್ತೇವೆ. ಅವರಲ್ಲೊಬ್ಬರಿಗೆ ನೆಗಡಿಯಿದ್ದರೆ ಅದನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಆದರೆ ನಮ್ಮನ್ನು ಮೂರು ದಿನ ಕಾಡಿ ಬಿಡುವ ಸೋಂಕು ಎಂಬತ್ತು ದಾಟಿದ ಜೀವಕ್ಕೆ ನ್ಯುಮೋನಿಯಾ ಆಗಿ ಎರಗಬಹುದು.

ವೃದ್ಧಾಪ್ಯದಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ. ಸೋಂಕು ತಗುಲಿದರೂ ಕೆಲವರಿಗೆ ಜ್ವರವೇ ಬರುವುದಿಲ್ಲ; ಊಟ ಸೇರದಿರುವುದು, ಮಂಕು ಕವಿಯುವುದು, ಇದ್ದಕ್ಕಿದ್ದಂತೆ ಗೊಂದಲಕ್ಕೀಡಾಗುವುದು ಇವೇ ಮೊದಲ ಸೂಚನೆಗಳಾಗಿರಬಹುದು. 2020ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಆರೈಕೆ ಕೇಂದ್ರವೊಂದರಲ್ಲಿ 76 ನಿವಾಸಿಗಳನ್ನು ಪರೀಕ್ಷಿಸಿದಾಗ 23 ಮಂದಿಯಲ್ಲಿ ಕೊರೊನಾ ಸೋಂಕು ಕಂಡುಬಂದಿತು. ಅವರ ಪೈಕಿ 13 ಮಂದಿಗೆ ಅಂದು ಯಾವ ಲಕ್ಷಣವೂ ಇರಲಿಲ್ಲ. ಒಂದೇ ಸೂರಿನಡಿ ಉಂಡು ಮಲಗುವವರ ನಡುವೆ, ಲಕ್ಷಣ ಕಂಡ ಮೇಲೆ ನೋಡಿಕೊಳ್ಳೋಣವೆಂದರೆ ಕಾಲ ಮಿಂಚಿರುತ್ತದೆ.

ಆದುದರಿಂದ ಎಚ್ಚರ ನಮ್ಮ ಮನೆಯಿಂದಲೇ ಆರಂಭವಾಗಬೇಕು. ಜ್ವರ, ಕೆಮ್ಮು, ನೆಗಡಿ ಇದ್ದವರು ಭೇಟಿಯನ್ನು ಮುಂದೂಡುವುದು ಲೇಸು. ವಾಂತಿಭೇದಿಯಾಗಿದ್ದವರು ಅದು ನಿಂತ ಮೇಲೂ 48 ಗಂಟೆ ಕಾಯಬೇಕು. ಅಂತಹ ಕಾಯಿಲೆ ಹರಡುವ ನೊರೊವೈರಸ್ ಮೇಲೆ ಸ್ಯಾನಿಟೈಸರ್ ಅಷ್ಟಾಗಿ ಪರಿಣಾಮ ಬೀರದು. ಸಾಬೂನು ಹಚ್ಚಿ 20 ಸೆಕೆಂಡು ಉಜ್ಜಿ ತೊಳೆಯುವುದೇ ಸರಿಯಾದ ಮಾರ್ಗ. ಹಿರಿಯರ ಪಾದ ಮುಟ್ಟುವ ಮುನ್ನ, ತುತ್ತು ತಿನ್ನಿಸುವ ಮುನ್ನ ಕೈ ತೊಳೆಯಬೇಕು; ಒಬ್ಬರ ಹಾಸಿಗೆಯಿಂದ ಇನ್ನೊಬ್ಬರ ಹಾಸಿಗೆಯತ್ತ ಹೋಗುವಾಗಲೂ ಇದು ತಪ್ಪಬಾರದು. ನಮ್ಮ ತಂದೆತಾಯಿಗಳೇ ಅಲ್ಲಿದ್ದರೆ, ವರ್ಷಕ್ಕೊಮ್ಮೆ ಹಾಕಿಸಬೇಕಾದ ಫ್ಲೂ ಲಸಿಕೆ ಹಾಗೂ ನ್ಯುಮೋಕಾಕಲ್ ಲಸಿಕೆಯ ಬಗ್ಗೆ ವೈದ್ಯರನ್ನು ವಿಚಾರಿಸುವುದು ನಮ್ಮದೇ ಹೊಣೆ. ಶುಶ್ರೂಷೆ ಮಾಡುವ ಸಿಬ್ಬಂದಿಗೂ ಫ್ಲೂ ಲಸಿಕೆ ಅಗತ್ಯ. ಈ ಮಾತು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ.

ಹಾಗೆಂದು ಹೋಗಲೇಬೇಡಿರೆಂದು ನಾವು ಹೇಳುತ್ತಿಲ್ಲ. ಕೊರೊನಾ ಕಾಲದಲ್ಲಿ ಬಾಗಿಲು ಮುಚ್ಚಿದಾಗ ಒಂಟಿತನದಿಂದಲೇ ಸೊರಗಿದ ಹಿರಿಯರೆಷ್ಟೋ ಮಂದಿ. ಇಪ್ಪತ್ತು ಜನ ಒಂದೇ ದಿನ ನುಗ್ಗುವ ಬದಲು ಇಬ್ಬಿಬ್ಬರಂತೆ ಹತ್ತು ಭಾನುವಾರ ಹೋದರೆ ಸೋಂಕಿನ ಭಯವೂ ತಗ್ಗೀತು, ಅವರಿಗೆ ಹತ್ತು ದಿನ ಮಾತಿಗೆ ಜನ ಸಿಕ್ಕಂತೆಯೂ ಆದೀತು. ಆರೋಗ್ಯ ಕೆಟ್ಟು ಹೋಗಲಾಗದಿದ್ದರೆ ಬೆಳಿಗ್ಗೆಯೇ ದೂರವಾಣಿ ಮಾಡಿ, ಮತ್ತೆ ಯಾವ ದಿನ ಬರುವೆವೆಂಬುದನ್ನೂ ತಿಳಿಸೋಣ. ಅಲ್ಲಿ ಯಾರೋ ಆಗಲೇ ಸ್ನಾನ ಮುಗಿಸಿ, ಒಗೆದ ಬಟ್ಟೆಯುಟ್ಟು ಬಾಗಿಲ ಬಳಿ ಕುಳಿತಿರುತ್ತಾರೆ.