ದಮ್ಮು ಬಂತು, ಕಾಲು ರೆಡಿನಾ?

ಬೆಂಗಳೂರಿನ 10ಕೆ ಓಟ 2008ರಿಂದ ನಡೀತಿದೆ. ಅದರ ದಿನ ಹತ್ತಿರ ಬಂತು ಅಂದ್ರೆ ಸಾಕು, ತಿಂಗಳುಗಟ್ಟಲೆ ಶೂ ಮೂಲೆಗಿಟ್ಟವರೂ ಕಬ್ಬನ್ ಪಾರ್ಕಿಗೆ ಬಂದುಬಿಡ್ತಾರೆ. ಬರಲಿ, ಸಂತೋಷ. ಆದರೆ ನಾನು ಹೇಳೋ ಒಂದು ಮಾತು ಕೇಳಿ.

ಓಟ ನಿಲ್ಲಿಸಿದ ಎರಡು-ಮೂರು ವಾರಕ್ಕೇ ದೇಹದಲ್ಲಿ ರಕ್ತದ ಪ್ರಮಾಣ ಇಳಿಯುತ್ತೆ, ದಮ್ಮು ಕಡಿಮೆಯಾಗುತ್ತೆ. ಮತ್ತೆ ಶುರು ಮಾಡಿದರೆ ದಮ್ಮು ಬೇಗ ವಾಪಸ್ ಬರುತ್ತೆ. ಅಪಾಯ ಇರೋದೇ ಅಲ್ಲಿ! ಹಿಮ್ಮಡಿಯ ಸ್ನಾಯುರಜ್ಜು, ಮೊಣಕಾಲ ಕೆಳಗಿನ ಮೂಳೆ ಗಟ್ಟಿಯಾಗೋಕೆ ತಿಂಗಳುಗಳೇ ಬೇಕು. ದಮ್ಮು ನಂಬಿ ಓಡಿದರೆ ಮೂಳೆ ಬಿರುಕು ಬಿಡಬಹುದು.

ಹಾಗಾದ್ರೆ ಏನ್ಮಾಡ್ಬೇಕು? ಮೊದಲ ವಾರ ಎರಡು ನಿಮಿಷ ಓಡಿ, ಎರಡು ನಿಮಿಷ ನಡೀರಿ. ದಿನ ಬಿಟ್ಟು ದಿನ ಸಾಕು. ಪಕ್ಕದವರ ಜೊತೆ ಮಾತಾಡ್ತಾ ಓಡೋಕಾಗ್ತಿಲ್ವಾ? ವೇಗ ಜಾಸ್ತಿಯಾಯ್ತು ಅಂತಲೇ ಅರ್ಥ. ಎದೆ ನೋವು ಬಂದ್ರೆ ತಕ್ಷಣ ನಿಲ್ಲಿಸಿ, ಡಾಕ್ಟರ್ ಹತ್ತಿರ ಹೋಗಿ. 10ಕೆ ಮುಂದಿನ ವರ್ಷವೂ ಬರುತ್ತೆ. ಅಲ್ಲಿತನಕ ಕಾಲು ಉಳಿಸಿಕೊಳ್ಳಿ ಸ್ವಾಮಿ!