ಸೋಡಾ ಮುಚ್ಚಳದ ಒಗಟು

1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಬೀದರ ಜಿಲ್ಲೆಯ ನಿಲಂಗಾ, ಉದಗೀರ ತಾಲೂಕುಗಳೂ ಅತ್ತಲಿನ ಉಮರ್ಗಾವೂ ಮುಂಬಯಿ ರಾಜ್ಯದ ಪಾಲಾದವು. 1960ರಿಂದ ಅವು ಮಹಾರಾಷ್ಟ್ರದಲ್ಲಿವೆ. ಅಲ್ಲಿನ ಕನ್ನಡ ಮನೆಗಳ ಮಕ್ಕಳಿಗೂ ನಮ್ಮ ಮಕ್ಕಳಂತೆಯೇ ಮನೆಯ ಮಾತೊಂದು, ಪೇಟೆಯ ಮಾತೊಂದು. ಬಾವಿಯ ರಾಟೆಗೆ ಅಲ್ಲಿ ಮರಾಠಿಯವರು ‘ಕಪ್ಪಿ’ ಎಂದರೆ ಇಲ್ಲಿ ಮಲೆಯಾಳಿಗಳೂ ‘ಕಪ್ಪಿ’ ಎಂದೇ ಅನ್ನುತ್ತಾರೆ!

ಹೀಗೆ ಎರಡು ಹೆಸರುಗಳ ನಡುವೆ ಸಿಕ್ಕಿಕೊಂಡ ಮಗುವಿಗೆ ಉಪಾಧ್ಯಾಯರಾದ ನಾವು ಸರಳ ಯಂತ್ರಗಳ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸುತ್ತೇವೆ. ಮಗು ತಪ್ಪಿಲ್ಲದೆ ಒಪ್ಪಿಸುತ್ತದೆ. ತಿಳಿಯಿತೇ ಎಂದು ನಾವು ಕೇಳುವುದಿಲ್ಲ. ಮೊದಲು ಆಟ, ಆಮೇಲೆ ಹೆಸರು ಎಂದಾಗಬೇಕು.

ಮನೆಯಲ್ಲೇ ಮಾಡಿ ನೋಡಬಹುದು. ಸೋಡಾ ಶೀಶೆಯ ತಗಡಿನ ಮುಚ್ಚಳದ ಅಂಚಿನಲ್ಲಿ 21 ಹಲ್ಲುಗಳಿವೆ. ಎರಡು ಮುಚ್ಚಳಗಳ ನಡುವೆ ತೂತು ಮಾಡಿ, ಹಲ್ಲಿಗೆ ಹಲ್ಲು ಕೂಡುವಂತೆ ಹಲಗೆಯ ಮೇಲಿಟ್ಟು ಸಡಿಲವಾಗಿ ಮೊಳೆ ಹೊಡೆಯಿರಿ. ಒಂದನ್ನು ಬಲಕ್ಕೆ ತಿರುಗಿಸಿದರೆ ಇನ್ನೊಂದು ಎಡಕ್ಕೆ ತಿರುಗುತ್ತದೆ. ಗಾಣದ ಜೋಡಿ ಉರುಳೆಗಳು ಕಬ್ಬನ್ನು ಒಳಗೆಳೆಯುವುದೂ ಹೀಗೆಯೇ. ಸಾಲಿಗೆ ಮೂರನೆಯದನ್ನು ಸೇರಿಸಿದರೆ ಅದು ಮತ್ತೆ ಬಲಕ್ಕೆ.

ಈಗ ಒಗಟು: ಮೂರೂ ಒಂದಕ್ಕೊಂದು ತಾಗುವಂತೆ ತ್ರಿಕೋನವಾಗಿಟ್ಟರೆ? ಮಗು ಮೊದಲು ಊಹಿಸಲಿ, ಬಳಿಕ ತಿರುಗಿಸಲಿ. ಯಾವುದೂ ಅಲುಗದು! ಮೂರನೆಯದನ್ನು ಒಂದು ಎಡಕ್ಕೆ ನೂಕಿದರೆ ಇನ್ನೊಂದು ಬಲಕ್ಕೆ ನೂಕುತ್ತದೆ.

ಈ ಕಾರಣವನ್ನು ಮಗು ತನ್ನ ಮನೆಮಾತಿನಲ್ಲಿ ತಾನೇ ಹೇಳಲಿ. ಆಮೇಲೆ ನಾವು ಹಲ್ಲುಗಾಲಿ, ರಾಟೆ, ಸನ್ನೆಗೋಲು ಎಂಬ ಹೆಸರುಗಳನ್ನು ಕೊಟ್ಟರೆ ಅವು ಮರೆಯಲಾರವು. ಉಮರ್ಗಾದಲ್ಲಾದರೂ ಸರಿ, ಕುಂಬಳೆಯಲ್ಲಾದರೂ ಸರಿ.